ಕಮಲಾಕ್ಷಮ್ಮನ ಚೀಲ

ತುಂಗಾ ಸೆರಗು ಹೊದ್ದು ಹೊಸ್ತಿಲು ದಾಟುವಷ್ಟರಲ್ಲಿ ಅತ್ತೆ ವೆಂಕಟಲಕ್ಷ್ಮಮ್ಮ ಅವಳ ರಟ್ಟೆ ಹಿಡಿದು ಒಳಕ್ಕೆಳೆದರು.

“ಏಳು ತಿಂಗಳ ಬಸುರಿ ಹೆಣ ನೋಡ್ತಾರೇನೇ? ಒಳಗಿರು. ನಿನ್ನ ಪರವಾಗೀನೂ ನಾನೇ ನಮಸ್ಕಾರ ಮಾಡ್ಬರ್ತೀನಿ.”

ಅತ್ತೆ ಪಕ್ಕದ ಮನೆಗೆ ಹೋದರು. ರಾಜಾಜಿನಗರದ ಆ ಹೊಸ ಸಾಲುಮನೆಗಳಿಗೆ ನಡುವೆ ಒಂದೇ ಗೋಡೆ. ಅದೂ ಹೆಂಚಿನವರೆಗೆ ಮುಟ್ಟಿರಲಿಲ್ಲ. ಈಚೆ ಒಗ್ಗರಣೆ ಹಾಕಿದರೆ ಆಚೆ ಸೀನು ಬರುತ್ತಿತ್ತು. ಹಾಗಾಗಿ, ಬೆಳಗಿನ ಜಾವ ತೀರಿಕೊಂಡ ಕಮಲಾಕ್ಷಮ್ಮನ ಮನೆಯ ಮಾತೆಲ್ಲ ತುಂಗಾಳಿಗೆ ಕೇಳುತ್ತಿತ್ತು. ಚಟ್ಟ ಸಿದ್ಧವಾಗಿದೆ, ಪುರೋಹಿತರು ಅವಸರ ಮಾಡುತ್ತಿದ್ದಾರೆ. ಆದರೆ ಮಗಳು ಪಂಕಜಾ ಹೆಣ ಎತ್ತಲು ಬಿಡುತ್ತಿಲ್ಲ. ತಾಯಿ ಹೇಳಿ ಹೋದದ್ದು ಒಂದೇ ಮಾತಂತೆ: ತಿದ್ದಲು ಕೊಟ್ಟ ಉಲ್ಲನ್ ಹೆಣಿಗೆಯೆಲ್ಲ ಅವರವರ ಕೈ ಸೇರಿದ ಮೇಲೆಯೇ ನನ್ನನ್ನು ಎತ್ತಬೇಕು.

ಆ ಹೆಣಿಗೆಯ ಚೀಲ ತರುತ್ತೇನೆಂದು ಪಂಕಜಾ ಅಂದದ್ದು ಕೇಳಿ ತುಂಗಾ ಗೋಡೆಗೆ ಕಿವಿಗೊಟ್ಟಳು. ಅದರಲ್ಲಿ ಅವಳದೂ ಒಂದಿತ್ತು.

*

ಐವತ್ತಾರನೇ ಇಸವಿಯ ಆಸುಪಾಸು ಬಡಾವಣೆಯ ಹೆಂಗಸರಿಗೆಲ್ಲ ಹೆಣಿಗೆಯ ಹುಚ್ಚು. ಹುಚ್ಚು ಹತ್ತಿದಷ್ಟು ಬೇಗ ಕೈ ಕುದುರಿರಲಿಲ್ಲ. ಒಬ್ಬಾಕೆಯ ಸ್ವೆಟರಿನ ಒಂದು ತೋಳು ಮೊಣಕೈವರೆಗೆ ಬಂದರೆ ಇನ್ನೊಂದು ಮೊಣಕಾಲಿನವರೆಗೆ. ಇನ್ನೊಬ್ಬಾಕೆ ಹೆಣೆದ ಕುತ್ತಿಗೆಯಲ್ಲಿ ಗಂಡನ ತಲೆಯೇ ತೂರಲಿಲ್ಲ. ಎಲ್ಲರೂ ಕಡೆಗೆ ಬರುತ್ತಿದ್ದದ್ದು ವಿಧವೆ ಕಮಲಾಕ್ಷಮ್ಮನ ಜಗಲಿಗೆ. ಆಕೆ ಪೂರ್ತಿ ಬಿಚ್ಚುತ್ತಿರಲಿಲ್ಲ. ಬೆರಳಾಡಿಸಿ ತಪ್ಪು ಹುಡುಕಿ, ಆ ಒಂದೇ ಎಳೆಯ ಸಾಲನ್ನು ಅಲ್ಲಿಯವರೆಗೆ ಜಾರಿಸಿ, ಕೊಕ್ಕೆ ಕಡ್ಡಿಯಿಂದ ಒಂದೊಂದೇ ಕುಣಿಕೆ ಎತ್ತಿಕೊಂಡು ಮೇಲೆ ಬರುತ್ತಿದ್ದರು. ಪಕ್ಕದ ಸಾಲಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ತುಂಗಾಳಿಗೆ ಹಿಂದಿನ ಎರಡು ಬಸಿರು ನಿಂತಿರಲಿಲ್ಲ. ಈ ಸಲ ಅತ್ತೆ ಏನನ್ನೂ ಸಿದ್ಧಮಾಡಗೊಡಲಿಲ್ಲ. ತೊಟ್ಟಿಲ ಮಾತೆತ್ತಿದರೂ ಸಾಕು, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕೆ ಎಂದು ಬಾಯಿ ಮುಚ್ಚಿಸುತ್ತಿದ್ದರು. ಆದರೂ ತುಂಗಾಳ ಕೈ ಸುಮ್ಮನಿರಲಿಲ್ಲ. ಅತ್ತೆ ದೇವಸ್ಥಾನಕ್ಕೆ ಹೋದಾಗಲೆಲ್ಲ ಕದ್ದು ಗೇಣುದ್ದದ ಹಳದಿ ಸ್ವೆಟರ್ ಹೆಣೆದಳು. ಹೆದರಿದ ಕೈ, ಎರಡು ಕುಣಿಕೆ ಜಾರಿದವು. ಕಮಲಾಕ್ಷಮ್ಮನಿಗೆ ಒಪ್ಪಿಸಿ, ಅತ್ತೆಗೆ ಹೇಳಬೇಡಿ ಎಂದು ಕೈಮುಗಿದಳು.

“ತಪ್ಪು ಎಲ್ಲಿದೆ ಅಂತ ನೋಡೋದಷ್ಟೇ ನನ್ನ ಕೆಲಸ ಕಣೇ. ಯಾರಿಗೆ, ಯಾಕೆ ಅಂತ ನಾನು ಯಾವತ್ತೂ ಕೇಳಿಲ್ಲ,” ಎಂದಿದ್ದರು ಆಕೆ.

*

ಗೋಡೆಯಾಚೆ ಪಂಕಜಾ ಒಂದೊಂದೇ ಎತ್ತಿ ವಿಚಾರಿಸುತ್ತಿದ್ದಳು. ನೀಲಿ ಸ್ವೆಟರ್ ಮೂಲೆಮನೆಯವರದು, ಮಫ್ಲರ್ ಮೇಷ್ಟ್ರು ನಾರಾಯಣಪ್ಪನವರ ಹೆಂಡತಿಯದು. ಹೆಂಗಸರು ಮೂಗೊರೆಸಿಕೊಳ್ಳುತ್ತ ತಮ್ಮ ತಮ್ಮದನ್ನು ಪಡೆದರು.

“ಇದು ಯಾರದು? ಇಷ್ಟು ಪುಟ್ಟದು?”

ಯಾರೂ ಉಸಿರೆತ್ತಲಿಲ್ಲ. ಬಿಸಿಲೇರಿತು, ಆಮೇಲೆ ನೋಡಿಕೊಂಡರಾಯಿತು ಎಂದರು ಪುರೋಹಿತರು. ಪಂಕಜಾ ಒಪ್ಪಲಿಲ್ಲ. ತನ್ನ ಒಂದು ಗೇಣು ಉಲ್ಲನ್ನಿಗಾಗಿ ಆ ಪುಣ್ಯಾತ್ಗಿತ್ತಿ ಅಂಗಳದಲ್ಲಿ ಕಾಯುತ್ತ ಮಲಗುವಂತಾಯಿತಲ್ಲ ಎಂದುಕೊಂಡಳು ತುಂಗಾ. ಹೋದರೆ ಕೂಸಿಗೆ ಏನಾಗುತ್ತದೋ ಎಂಬ ಭಯ, ಹೋಗದಿದ್ದರೆ ಆಕೆಗೆ ದ್ರೋಹ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೊಸ್ತಿಲಾಚೆ ಒಂದು ಕಾಲಿಟ್ಟೇಬಿಟ್ಟಳು.

“ತಾ ಪಂಕಜಾ,” ಅತ್ತೆಯ ದನಿ ಕೇಳಿತು. “ಅದು ನಮ್ಮನೇದೇ. ಚೀಲದಲ್ಲಿ ಇನ್ನೊಂದಿರುತ್ತೆ, ಅದನ್ನೂ ಕೊಡು.”

ತುಂಗಾ ಅಲ್ಲೇ ನಿಂತಳು. ಅವಳು ಕೊಟ್ಟಿದ್ದದ್ದು ಒಂದೇ.

ಗೋವಿಂದ ಗೋವಿಂದ ಎನ್ನುತ್ತ ಕಮಲಾಕ್ಷಮ್ಮನನ್ನು ಮಾಗಡಿ ರಸ್ತೆಯ ಕಡೆಗೆ ಹೊತ್ತುಕೊಂಡು ಹೋದರು. ಅತ್ತೆ ಹಿತ್ತಿಲ ನಲ್ಲಿಯಲ್ಲಿ ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ಒಳಗೆ ಬಂದರು.

“ಉಣ್ಣೆಗೆ ಮೈಲಿಗೆ ಇಲ್ಲ, ಮುಟ್ಟು,” ಎಂದರು, ಸೊಸೆಯ ಮುಖ ನೋಡದೆ. ಹಳದಿ ಸ್ವೆಟರಿನ ಜೊತೆಗೆ ಬಿಳಿಯ ಕುಲಾವಿಯೊಂದಿತ್ತು.

“ನೀವು ಹೆಣೆದದ್ದಾ ಅತ್ತೆ?”

“ನೀನು ಕದ್ದು ಹೆಣೀತಿದ್ದದ್ದು ಕಂಡಿದ್ದೆ ಕಣೇ. ನಂಗೂ ಆಸೆ ಇರಲ್ವೇನೇ. ಕಿವಿ ಹತ್ರ ಪ್ರತಿ ಸಲಾನೂ ತಪ್ಪೋದು. ಪ್ರತಿ ಸಲಾನೂ ತಿದ್ದಿಕೊಟ್ರು. ಒಂದು ಮಾತು ಕೇಳಲಿಲ್ಲ, ಮಹಾತಾಯಿ.”

ಅಳತೆ ಸರಿಯಿದೆಯೋ ಇಲ್ಲವೋ ಎಂದು ಅತ್ತೆ ಎಡಗೈ ಮುಷ್ಟಿ ಕಟ್ಟಿ ಅದಕ್ಕೆ ಕುಲಾವಿ ತೊಡಿಸಿದರು. ತುಂಗಾ ಎದುರಿಗೆ ಕುಳಿತು, ಕುಲಾವಿಯ ಎರಡೂ ದಾರಗಳನ್ನು ಮಣಿಕಟ್ಟಿನ ಕೆಳಗೆ ತಂದು, ಬಿಗಿಯಾಗದ ಹಾಗೆ ಕಟ್ಟಿದಳು.