ಬರ್ಚಿನಾಯ್ ಬಾಗಿಲಲ್ಲಿ ಸೋಬಿತ್‌ಜಾನನ ಬೂಟು

ಎಡಗಾಲಿನದರ ಹಿಮ್ಮಡಿ ಹೊರಮಗ್ಗುಲಿಗೆ ಸವೆದಿದೆ, ಲಾಡಿಯ ಜಾಗದಲ್ಲಿ ರಜಾಯಿ ಹೊಲಿಯುವ ದಪ್ಪ ಬಿಳಿ ದಾರ, ಇಡೀ ಮರ್ಗಿಲಾನ್ ಊರಿನಲ್ಲಿ ಇಂಥ ಬೂಟು ಇನ್ನೊಂದು ಜೊತೆ ಇರಲಿಕ್ಕಿಲ್ಲ, ಸೋಬಿತ್‌ಜಾನನದೇ, ನನ್ನ ಸೋಬಿತ್‌ಜಾನನದು — ಥೂ, ಏನು ಮಾತು, ಗಂಡನ ಬೂಟನ್ನು ಇನ್ನೊಬ್ಬಳ ಹೊಸಿಲಲ್ಲಿ ಕಂಡವಳ ಹಾಗೆ ಎದೆ ಹೊಡೆದುಕೊಳ್ಳುತ್ತಿದೆ, ಗಂಡನದಾಗಿದ್ದರೆ ಇಷ್ಟು ಹೊಡೆದುಕೊಳ್ಳುತ್ತಿರಲಿಲ್ಲ ಬಿಡು, ಗಂಡ ಹೋದರೆ ತೊಳೆಯಲು ಒಂದು ತಟ್ಟೆ ಕಡಿಮೆ, ಸೋಬಿತ್‌ಜಾನ್ ಹೋದರೆ ನನ್ನ ಕಚೇರಿಗೇ ಬೀಗ, ಅವನ ರಜಾಯಿ ಕಾರ್ಖಾನೆಯ ಲೆಕ್ಕ ಬರೆದೇ ನಾನು ಬಾಡಿಗೆ ಕಟ್ಟುವುದು, ಉಳಿದ ಗಿರಾಕಿಗಳೆಲ್ಲ ಚಹಾಪುಡಿ ಖರ್ಚಿಗೆ ಸಾಲದವರು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದೇನೆ, ಇನ್ನೊಂದು ಕಾಲಲ್ಲೇ ಇದೆ, ಕಂಕುಳಲ್ಲಿ ಬಿಸಿ ರೊಟ್ಟಿ, ಬರಿಗೈಯಲ್ಲಿ ಬಂದಳು ಅನ್ನಿಸಿಕೊಳ್ಳಬಾರದೆಂದು ತಂದದ್ದು, ಈಗ ಅದು ಪಕ್ಕೆ ಸುಡುತ್ತಿದೆ. ಬಂದದ್ದಾದರೂ ಯಾಕೆ, ಒಂದೇ ಒಂದು ಪ್ರಶ್ನೆ, ಈ ವರ್ಷದ ತೆರಿಗೆ ನಿಯಮ ತಲೆಗೆ ಹತ್ತಲಿಲ್ಲ, ಯಾರನ್ನು ಕೇಳಿದರೂ ಒಂದೇ ರಾಗ, ಬರ್ಚಿನಾಯ್‌ನ ಕೇಳಿ, ಬರ್ಚಿನಾಯ್ ಚೆನ್ನಾಗಿ ಬಿಡಿಸಿ ಹೇಳ್ತಾಳೆ. ಶನಿವಾರವಾದರೆ ಊರಿನ ಲೆಕ್ಕದ ಹೆಂಗಸರೆಲ್ಲ ಈ ಪರದೆಯ ಆಚೆ ಸುತ್ತ ಕೂತು ಚಹಾ ಕುಡಿಯುತ್ತಾರಂತೆ, ಇವಳು ಹೊಸ ಹೊಸ ನಿಯಮ ಓದಿ ಹೇಳುತ್ತಾಳಂತೆ, ಪುಕ್ಕಟೆ, ತನ್ನ ಕೈಮೀರಿ ಬಂದ ಗಿರಾಕಿಗಳನ್ನು ಅವರಿಗೆ ಹಂಚುತ್ತಾಳಂತೆ, ಮದುವೆಮನೆಯಲ್ಲಿ ಮಿಠಾಯಿ ಹಂಚಿದ ಹಾಗೆ, ಯಾರಿಗೆ ಬೇಕು ಇವಳ ಮಿಠಾಯಿ. ನಾನು ಒಂದು ಶನಿವಾರವೂ ಬಂದವಳಲ್ಲ. ರೇಷ್ಮೆ ಗಿರಣಿಯಲ್ಲಿ ಇಬ್ಬರಿಗೂ ಒಂದೇ ಮೇಜು, ನಾನು ಕಣ್ಣಲ್ಲೇ ಕೂಡಿ ಮುಗಿಸುತ್ತಿದ್ದೆ, ಇವಳು ಬೆರಳು ಮಡಚಿ ಎಣಿಸುತ್ತಿದ್ದಳು, ಜುಲ್ಖುಮಾರ್ ಓಪಾ, ಇದೊಂದು ನೋಡ್ಕೊಡಿ ಅಂತ ಅಕ್ಕನನ್ನು ಕರೆದ ಹಾಗೆ ನನ್ನೆದುರು ಹಲ್ಲು ಗಿಂಜುತ್ತಿದ್ದಳು, ಗಿರಣಿ ಮುಚ್ಚಿದ ಮೇಲೆ ಇಬ್ಬರೂ ಒಂದೊಂದು ಕೋಣೆ ಹಿಡಿದು ಕೂತೆವು, ನನ್ನದು ಪೇಟೆ ಬೀದಿಯಲ್ಲಿ, ಫಲಕ ಹಾಕಿಸಿದ್ದೇನೆ, ಇವಳದು ಮನೆಯ ಮುಂದಿನ ಕೋಣೆ, ಫಲಕವೂ ಇಲ್ಲ, ಆದರೂ ಜನ ಇಲ್ಲಿಗೇ ಸಾಯುತ್ತಾರೆ. ಐಸ್‌ಕ್ರೀಮಿನ ತುರ್ಸುನ್‌ಬಾಯ್‌ಗೆ ಇವಳು ಹೇಳಿದಳಂತೆ, ಚಳಿಗಾಲ ಪೂರ್ತಿ ಆ ಗಾಡಿ ಸುಮ್ಮನೆ ನಿಂತು ದುಡ್ಡು ತಿನ್ನುತ್ತೆ, ಅದರಲ್ಲಿ ಬಿಸಿ ಕಡಲೆ ಬೇಯಿಸಿ ಮಾರು ಅಂತ, ಅವನು ಈಗ ಮಗಳ ಮದುವೆ ಮಾಡಿದ್ದಾನೆ, ಮೊದಲ ಆಮಂತ್ರಣ ಇವಳಿಗೆ. ಲೆಕ್ಕ ಬರೆಯುವವಳಿಗೆ ಕಡಲೆಯ ಉಸಾಬರಿ ಯಾಕೆ. ನಾನು ಯಾರ ವ್ಯಾಪಾರದಲ್ಲೂ ಮೂಗು ತೂರಿಸುವವಳಲ್ಲ, ಬರೆಯುತ್ತೇನೆ, ಸಹಿ ಹಾಕಿಸುತ್ತೇನೆ, ಕಳಿಸುತ್ತೇನೆ.

ಪರದೆಯ ಒಳಗೆ ಚಹಾ ಸುರಿದ ಸದ್ದು, ಒಂದು ಗುಟುಕಿನಷ್ಟೇ, ಅಂದರೆ ಅವನು ಇನ್ನೂ ಕೂತಿರಲಿ, ಮತ್ತೆ ಮತ್ತೆ ಸುರಿಯುವಂತಾಗಲಿ ಅನ್ನುವ ಮನಸ್ಸು, ನಾನು ಬಟ್ಟಲು ತುಂಬಿಯೇ ಕೊಡುತ್ತೇನೆ, ಕುಡಿದು ಎದ್ದು ಹೋಗಲಿ, ನನಗೆ ಕೆಲಸ ಇರುತ್ತದೆ. ಅವನ ದನಿ, ತಂಗಿ, ಆರ್ಡರ್ ಮೇಲೆ ಆರ್ಡರ್ ಬರ್ತಿದೆ, ಹೆಂಗಸ್ರು ಕತ್ತಲಾಗೋ ತನಕ ಹೊಲೀತಾರೆ, ಆದ್ರೂ ಕೈಯಲ್ಲಿ ಏನೂ ನಿಲ್ತಿಲ್ಲ, ಯಾಕೆ ಅಂತ ಹೇಳೋರಿಲ್ಲ, ನನ್ನ ಲೆಕ್ಕ ಇನ್ಮೇಲೆ ನೀವೇ ನೋಡ್ಕೊಳ್ಳಿ. ಬಿತ್ತು ನೋಡು, ಬಿತ್ತು. ಯಾಕೆ ಅಂತೆ, ತೊಟ್ಟಿಲ ರಜಾಯಿ ಕಣಯ್ಯಾ, ಅಂಗೈಯಗಲ ಬಟ್ಟೆ ಅಂತ ಅರ್ಧ ಬೆಲೆಗೆ ಕೊಡುತ್ತೀಯ, ಮಗು ಹುಟ್ಟಿತು ಅಂದರೆ ಸಾಕು ಕರಗಿಬಿಡುತ್ತೀಯ, ಹೊಲಿಗೆ ಮಾತ್ರ ದೊಡ್ಡದಕ್ಕಿಂತ ಹೆಚ್ಚು, ಮದುವೆ ರಜಾಯಿಯಲ್ಲಿ ಬಂದದ್ದನ್ನೆಲ್ಲ ತೊಟ್ಟಿಲು ತಿನ್ನುತ್ತಿದೆ, ನನಗೆ ಗೊತ್ತು, ಹೋದ ವರ್ಷದಿಂದಲೇ ಗೊತ್ತು, ನೀನು ಕೇಳಿದೆಯಾ, ಕೇಳಲಿಲ್ಲ. ಈಗ ಇವಳು ಹೇಳುತ್ತಾಳೆ, ಒಂದು ವಾರ ನೋಡಿ ಹೇಳಿಬಿಡುತ್ತಾಳೆ, ಅವನು ಇವಳನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಾನೆ, ಹೊಟ್ಟೆ ಉರಿಯುತ್ತಿದೆ, ಹೌದು, ಉರಿಯುತ್ತಿದೆ, ಹೂಂ ಅನ್ನು ಬರ್ಚಿನಾಯ್, ಕಿತ್ತುಕೊ, ಕಿತ್ತುಕೊಂಡುಬಿಡು, ನಾಳೆಯಿಂದ ಪೇಟೆ ತುಂಬ ನಿನ್ನನ್ನು ಬೈದುಕೊಂಡು ತಿರುಗುತ್ತೇನೆ, ಎಷ್ಟು ಹಗುರವಾಗುತ್ತದೆ.

ಬೇಡ ಆಕಾ, ಅಂದಳು, ಅಣ್ಣನಿಗೆ ಹೇಳುವ ಹಾಗೆ. ಏನಂದಳು, ಬೇಡ ಅಂದಳಾ, ನಿಮ್ಮ ಲೆಕ್ಕ ನಾನು ಮುಟ್ಟಲ್ಲ, ಜುಲ್ಖುಮಾರ್ ಓಪಾ ಬರೆದದ್ರಲ್ಲಿ ಇವತ್ತಿನ ತನಕ ನಾನು ಒಂದು ತಪ್ಪು ಕಂಡಿಲ್ಲ, ಎಲ್ಲಿ ಸೋರ್ತಿದೆ ಅಂತ ಅವರಿಗೆ ಗೊತ್ತೇ ಇರತ್ತೆ, ಹೋಗಿ ಕೂತ್ಕೊಂಡು ಕೇಳಿ. ಅವನು ನಗುತ್ತಿದ್ದಾನೆ, ಅವರು ಮಾತೇ ಆಡಲ್ಲ ತಂಗಿ, ಸಹಿ ಹಾಕಿ ಅಂತಾರೆ, ಹೊರಡಿ ಅಂತಾರೆ. ಇವಳೂ ನಗುತ್ತಾಳೆ, ಕೇಳಿದ್ರೆ ಹೇಳ್ತಾರೆ, ನಂಗೆ ಕೆಲಸ ಕಲಿಸಿದ್ದೇ ಅವರು. ಅಯ್ಯೋ ಇದನ್ನು ಯಾಕೆ ಹೇಳಿದಳು, ಯಾರು ಕೇಳಿದ್ದರು ಇವಳನ್ನು, ಬೈಯಲು ಒಂದು ಮಾತನ್ನೂ ಉಳಿಸಲಿಲ್ಲ ಪಾಪಿ, ನನ್ನ ಗಿರಾಕಿಯನ್ನು ನನಗೇ ದಾನ ಕೊಡುತ್ತಿದ್ದಾಳೆ, ನಾನು ಪರದೆಯ ಈಚೆ ಒಂಟಿ ಚಪ್ಪಲಿಯಲ್ಲಿ ನಿಂತು ಇಸಿದುಕೊಳ್ಳುತ್ತಿದ್ದೇನೆ. ಪರದೆ ಸರಿಯಿತು, ಅವನ ಬೆನ್ನು, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಬರುತ್ತಿದ್ದಾನೆ, ಒಳಗೆ ಕೂತವಳಿಗೆ ತಲೆ ಬಾಗಿಸಿ, ಬಲಗೈ ಎದೆಯ ಮೇಲೆ, ದೊಡ್ಡವರಿಗೆ ಗೌರವ ತೋರುವ ಹಾಗೆ, ನನ್ನ ಬಾಗಿಲಲ್ಲಿ ಆ ಕೈ ಯಾವತ್ತೂ ಜೇಬಿನಿಂದ ಹೊರಗೆ ಬಂದದ್ದಿಲ್ಲ, ಎದೆಯ ಮೇಲೆ ಕೈ, ಬೆರಳು ಅಗಲಿಸಿ. ತಿರುಗಿ ನನ್ನನ್ನು ಕಂಡ, ಮುಖ ಕೆಂಪಾಯಿತು, ಓಪಾ, ನಾಳೆ ಬರ್ತೀನಿ, ಸ್ವಲ್ಪ ಕೂತು ಮಾತಾಡೋದಿತ್ತು, ಅಂದ, ಬೂಟಿಗೆ ಕಾಲು ತುರುಕಿಕೊಂಡು ಹೊರಟೇ ಹೋದ. ಬರುತ್ತಾನೆ ನಾಳೆ, ತೊಟ್ಟಿಲ ರಜಾಯಿಯ ಮಾತು ಹೇಳುತ್ತೇನೆ, ಅವನ ಕಾರ್ಖಾನೆ ಉಳಿಯುತ್ತದೆ, ನನ್ನ ಬಾಡಿಗೆಯೂ ಉಳಿಯುತ್ತದೆ, ಬರ್ಚಿನಾಯ್ ಹೇಳಿದ್ದು ಸರಿಯಾಯ್ತು ನೋಡಿ ಓಪಾ, ಅಂತ ನನ್ನ ಎದುರಿಗೇ ಹೇಳುತ್ತಾನೆ. ಇವಳು ಬಂದು ನಿಂತಿದ್ದಾಳೆ, ನಾನು ಕೇಳಿಸಿಕೊಂಡೆನೋ ಇಲ್ಲವೋ ಅಂತ ಮುಖವನ್ನೂ ನೋಡುವುದಿಲ್ಲ, ಬನ್ನಿ ಓಪಾ, ಒಳಗೆ ಬನ್ನಿ, ಅನ್ನುತ್ತಾಳೆ, ರೊಟ್ಟಿ ಅವಳ ಕೈಗೆ ಹೋಯಿತು, ಏನಾದರೂ ಚುಚ್ಚಿ ಹೇಳಬೇಕು, ಇಷ್ಟು ವರ್ಷ ಕೂಡಿಟ್ಟ ಮಾತುಗಳೆಲ್ಲ ಎಲ್ಲಿ, ತಲೆ ಯಾಕೆ ಬಾಗಿದೆ, ಕೈ, ಈ ಕೈ ಯಾವಾಗ ಮೇಲೆ ಹೋಯಿತು, ಎದೆಯ ಮೇಲೆ ಕೈ, ಬೆರಳು ಅಗಲಿಸಿ, ತೆಗಿ, ತೆಗಿಯೇ ಅಂದರೂ — ಎದೆಯ ಮೇಲೆ ಕೈ, ನನ್ನದೇ —