ಜಪ್ತಿಯಾದ ಗಿಡ

ನಿಮ್ಮ ಸಿನಿಮಾ ಹೀರೋಗಳನ್ನೆಲ್ಲ ಅತ್ತ ಕೂರಿಸಿ ಸ್ವಾಮಿ. ಮಾದನಾಯಕನಹಳ್ಳಿಯಲ್ಲಿ ಮೂಟೆ ಹೊರುವ ನಮ್ಮ ದೀಪು ಒಬ್ಬನೇ ಸಾಕು. ಮೊನ್ನೆ ಫಾರೆಸ್ಟ್‌ನವರ ಜೀಪಿಗೆ ಅಡ್ಡ ನಿಂತು ಹೊಡೆದನಲ್ಲ ಡೈಲಾಗು: "ಬೇರು ಕಿತ್ತೋನ್ಗೆ ಕಾರು, ನೀರು ಹುಯ್ದೋಳ್ಗೆ ಜೀಪಾ ಸಾರ್?" ಸಾಹೇಬ ತಲೆ ಎತ್ತಲಿಲ್ಲ.

ಜೀಪಿನಲ್ಲಿ ಕೂತಿದ್ದವಳು ಹೊಳೆವ್ವ. ಚಿಕ್ಕಬೈರಪ್ಪನ ಶೆಡ್ಡಿನಲ್ಲಿ ಬೇರು ಕತ್ತರಿಸುವ ಮುದುಕಿ. ಘಟ್ಟದ ಕಾಡಿನಿಂದ ಕದ್ದು ತಂದ ಬೇರಿನಿಂದ ಅಲ್ಲಿ ಸಕ್ಕರೆ ಕಾಯಿಲೆಗೆ ಔಷಧದ ಪುಡಿ ಮಾಡುತ್ತಾರೆ. ಮೊದಮೊದಲು ತೊಡೆ ಗಾತ್ರದ ಬೇರು ಬರುತ್ತಿತ್ತು. ಬರುಬರುತ್ತ ಬೆರಳಿನಷ್ಟಾಯಿತು. ಈ ಸಲ ಎಲೆ ಸಮೇತ ಎಳೆ ಸಸಿಗಳೇ ಬಂದವು. ಇನ್ನು ಕಾಡು ಜಾಲಾಡಿದರೂ ಸಿಗುವುದಿಲ್ಲವೆಂದು ಲಾರಿ ಡ್ರೈವರ್ ಹೇಳಿ ಹೋದ. ಹೊಳೆವ್ವ ಕತ್ತಿ ಕೆಳಗಿಟ್ಟಳು. ಒಂದು ಸಸಿಯ ಬುಡ ಇನ್ನೂ ಹಸಿಯಾಗಿತ್ತು. ಅದನ್ನು ಪೇಂಟ್ ಡಬ್ಬದಲ್ಲಿ ಊರಿ, ಶೆಡ್ಡಿನ ಹಿಂದೆ ಇಟ್ಟು, ಅಕ್ಕಿ ತೊಳೆದ ನೀರು ಹಾಕಿ ಬಾಣಂತಿಯ ಹಾಗೆ ನೋಡಿಕೊಂಡಳು. "ಅಜ್ಜೀ, ಹೀರೋಯಿನ್ ಎಂಟ್ರಿ ಯಾವಾಗ?" ಎಂದು ಅದೇ ಶೆಡ್ಡಿನಲ್ಲಿ ಮೂಟೆ ಹೊರುವ ದೀಪು ದಿನಾ ರೇಗಿಸುತ್ತಿದ್ದ. ತಾಮ್ರದ ಬಣ್ಣದ ಚಿಗುರು ಇಣುಕಿದ ದಿನ ಶಿಳ್ಳೆ ಹೊಡೆದವನೂ ಅವನೇ.

ದಾಳಿಯ ಸುದ್ದಿ ಚಿಕ್ಕಬೈರಪ್ಪನಿಗೆ ಮೊದಲೇ ಮುಟ್ಟಿತ್ತು. ಮೂಟೆಗಳೆಲ್ಲ ಚಿಕ್ಕಬಾಣಾವರದ ಬಾಮೈದನ ಗೋಡೌನು ಸೇರಿದವು. ಸಾಹೇಬ ಬಂದಾಗ ಶೆಡ್ಡು ಗುಡಿಸಿಟ್ಟ ಹಾಗಿತ್ತು. ಎಳನೀರು ಕುಡಿದ. ಬರಿಗೈಲಿ ಹೋದರೆ ಮೇಲಿನವರು ಉಗಿಯುತ್ತಾರೆಂದು ಗೊಣಗಿದ. ಕೈ ತೊಳೆಯಲು ಹಿಂದಕ್ಕೆ ಹೋದವನು ಅಲ್ಲೇ ನಿಂತುಬಿಟ್ಟ.

"ಯಾರ್ದಿದು? ಕಾಡಲ್ಲೇ ಇಲ್ದಂಗಾಗಿರೋ ಗಿಡ. ಇಟ್ಕೊಂಡ್ರೆ ಕೇಸು, ಗೊತ್ತಾ?"

"ನಾ ಹಚ್ಚೀನ್ರಿ ಸಾಹೇಬ್ರ," ಎಂದಳು ಹೊಳೆವ್ವ. "ಜೀವ ಇತ್ರಿ ಅದರಾಗ."

ಚಿಕ್ಕಬೈರಪ್ಪ ಎಲೆಯಡಿಕೆ ಉಗಿದ. "ಥೂ, ಕಳ್ ಲೌಡಿ. ನನ್ ಅನ್ನ ತಿಂದು ನನ್ ಶೆಡ್ನಾಗೇ ಕಳ್ಮಾಲು ಬೆಳೀತಾವ್ಳೆ. ಎಳ್ಕಂಡೋಗಿ ಸಾರ್."

ಡಬ್ಬ ಬೇಡ, ಜೀಪೆಲ್ಲ ಮಣ್ಣಾಗುತ್ತದೆ, ಸಾಕ್ಷಿಗೆ ಗಿಡವೊಂದಿದ್ದರೆ ಸಾಕು ಎಂದ ಸಾಹೇಬ. ಚಿಕ್ಕಬೈರಪ್ಪ ದೀಪುವಿನ ಕಡೆ ತಿರುಗಿದ. ದೀಪು ಕದಲಲಿಲ್ಲ.

"ಏನ್ಲಾ ನೋಡ್ತೀಯ ಬೋಳಿಮಗನೆ? ಕೆಲ್ಸಾನೂ ನಂದು, ನೀ ಮಲಗೋ ರೂಮೂ ನಂದು. ಕಿತ್ಕೊಡ್ಲಾ."

ಡೈಲಾಗು ಎಲ್ಲಿ ಅಂತೀರಾ? ಅದನ್ನು ಅವನು ಹೊಡೆದದ್ದು ಮಾರನೆಯ ದಿನ, ಟೀ ಅಂಗಡಿಯಲ್ಲಿ, ನಮ್ಮೆದುರು. ಅವತ್ತು ಗಿಡ ಕಿತ್ತ. ಬೇರಿನ ಮಣ್ಣು ಕೊಡವಿದ. ಚಿಗುರನ್ನು ಮಡಚಿ ಪ್ಲಾಸ್ಟಿಕ್ ಕವರಿಗೆ ತುರುಕಿದ. ಸಾಹೇಬ ಕವರಿನ ಬಾಯಿ ಕಟ್ಟಿ ಅರಗು ಸುರಿದು ಮುದ್ರೆ ಒತ್ತಿದ.

ಜೀಪಿನೊಳಗಿಂದ ಹೊಳೆವ್ವ, "ಒಂದ್ ಗುಟುಕು ನೀರರ ಹಾಕೋ ಅದಕ್ಕ, ದೀಪೂ," ಎಂದಳು. ಸೀಲಾದ ಮಾಲು ಮುಟ್ಟಬಾರದು ಎಂದ ಸಾಹೇಬ.

ಜೀಪಿಗೆ ಯಾರೂ ಅಡ್ಡ ನಿಲ್ಲಲಿಲ್ಲ. ದೀಪು ಓಡಿಹೋಗಿ ಗೇಟು ತೆಗೆದ.