ಗೋದಾಬಾಯಿಯ ಬಿಳಿ ಐದು

ಮದರಾಸಿನ ಮಾಂಬಲಂ ಸ್ಟೇಷನ್ನಿಗೆ ಬರುವ ಎಲೆಕ್ಟ್ರಿಕ್ ಟ್ರೈನು ಕರಿ ಎರಡರಲ್ಲಿ ಕೂಗುತ್ತದೆ ಅನ್ನುವುದು ಇಡೀ ವೆಸ್ಟ್ ಮಾಂಬಲಂನಲ್ಲಿ ಬದರಿನಾಥರೊಬ್ಬರಿಗೇ ಗೊತ್ತಿತ್ತು. ಕೀರೆ ಸೊಪ್ಪು ಮಾರುವ ಹೆಂಗಸು ಬಿಳಿ ಮೂರಕ್ಕೆ ಶುರು ಮಾಡಿ, ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಸ್ವಲ್ಪ ಜಾರಿರುತ್ತಿದ್ದಳು. ಹೆಂಡತಿ ಜಯಲಕ್ಷ್ಮೀಗೆ ಸಿಟ್ಟು ಬಂದರೆ ನೇರ ಕರಿ ನಾಲ್ಕು. ಲೋಕದ ಸದ್ದೆಲ್ಲ ಅವರಿಗೆ ಹಾರ್ಮೋನಿಯಂನ ಯಾವುದೋ ಒಂದು ಮನೆಯಲ್ಲಿ ಕೂತಿರುತ್ತಿತ್ತು. ಪೆಟ್ಟಿಗೆಯ ಕರಿ ಬಿಳಿ ಪಟ್ಟಿಗಳಿಗೆ ನಾಟಕದ ಕಂಪನಿಯವರು ಮನೆ ಎಂದೇ ಹೇಳುತ್ತಿದ್ದುದು.

ಏಳು ಸಮುದ್ರದಾಚೆ ಮರ, ಮರದ ಪೊಟರೆಯಲ್ಲಿ ಗಿಳಿ, ಗಿಳಿಯ ಎದೆಯಲ್ಲಿ ರಾಕ್ಷಸನ ಜೀವ ಎಂದು ಅಜ್ಜಿಯರು ಹೇಳುತ್ತಾರಲ್ಲ, ಹಾಗೆ ಬದರಿನಾಥರ ಜೀವ ಆ ಲೆಗ್ ಹಾರ್ಮೋನಿಯಂನಲ್ಲಿತ್ತು. ಅದೋ, ಪುಟ್ಟ ಬೀರುವಿನಷ್ಟು ಎತ್ತರದ, ಕಾಲಲ್ಲಿ ತುಳಿದು ಗಾಳಿ ಹಾಕುವ ಪೆಟ್ಟಿಗೆ. ಹದಿನಾರನೆಯ ವಯಸ್ಸಿನಲ್ಲಿ ತಿರುವಲ್ಲಿಕ್ಕೇಣಿಯ ಮನೆಯಲ್ಲಿ ಸಂಧ್ಯಾವಂದನೆಯ ಪಂಚಪಾತ್ರೆಯನ್ನು ಹಾಗೇ ಬಿಟ್ಟು, ಕನ್ನಡದ ವೇಣುವಿನೋದ ನಾಟಕ ಮಂಡಳಿಯ ಹಿಂದೆ ಓಡಿಹೋದವರು ಅವರು. ಇಪ್ಪತ್ತೈದಕ್ಕೆ ಅದೇ ಮಂಡಳಿಗೆ ಸಂಗೀತದ ಮಾಸ್ತರರು. ನಾಟಕ ಬಂದರೆ ಪದಕ್ಕೆ ಮಟ್ಟು ಹಾಕುವವರೂ ಅವರೇ, ರಂಗದ ಮುಂದೆ ಕೂತು ಮೇಳ ನಡೆಸುವವರೂ ಅವರೇ. ಕೈ ಎರಡೂ ಮನೆಗಳ ಮೇಲೆ, ಕಾಲೆರಡೂ ತುಳಿಮಣೆಯ ಮೇಲೆ; ಇನ್ನು ಉಳಿದದ್ದು ಹುಬ್ಬು. ಎಡಹುಬ್ಬು ಎದ್ದರೆ ತಬಲಾ ಏಳಬೇಕು, ಬಲಹುಬ್ಬು ಎದ್ದರೆ ಕ್ಲಾರಿನೆಟ್ಟು. ಎರಡೂ ಇಳಿದವೋ, ಪರದೆ ಇಳಿಯಬೇಕು. ಹಾಡು ಮುಗಿದು ಜನ ‘ಒನ್ಸ್ ಮೋರ್!’ ಎಂದು ಬೊಬ್ಬೆ ಹಾಕಿದರೆ, ಸತ್ತು ಬಿದ್ದ ಪಾತ್ರವೂ ಎದ್ದು ಕೂತು ಮಾಸ್ತರರ ಹುಬ್ಬನ್ನೇ ನೋಡುತ್ತಿತ್ತು.

ಆ ಜನಜಂಗುಳಿಯಲ್ಲಿ ನಟಿಗೆ ಶ್ರುತಿ ಎಲ್ಲಿ ಕೇಳಿಸಬೇಕು? ಅದಕ್ಕೇ ಕಂಪನಿಯಲ್ಲಿ ಒಂದು ಪದ್ಧತಿ. ಹಾಡುವ ಮೊದಲು ಮಾಸ್ತರರು ಷಡ್ಜದ ಮನೆಯ ಮೇಲೆ ಬೆರಳನ್ನು ಎತ್ತಿ ಇಡುವರು. ನಟಿ ಆ ಬೆರಳನ್ನು ನೋಡಿಯೇ ದನಿ ತೆಗೆಯುವಳು. ಮಂಡಳಿಯ ನಾಯಕಿ ನಟಿ ಗೋದಾಬಾಯಿಯದು ಬಿಳಿ ಐದು. ಮೈಕು ಇಲ್ಲದ ಕಾಲದಲ್ಲಿ ಆ ಎತ್ತರದಿಂದ ಹಾಡಿದರೆ ಡೇರೆಯ ಆಚೆ ಸೋಡಾ ಮಾರುವವನೂ ಗೋಲಿ ಒತ್ತುವುದನ್ನು ಬಿಟ್ಟು ನಿಲ್ಲುತ್ತಿದ್ದ.

‘ಪುತ್ಥಳಿ ರಾಣಿ’ ನಾಟಕದ ‘ಎಷ್ಟು ಹೊತ್ತು ಕಾಯಲಿ ಕಲ್ಲಿನ ಕದವೇ’ ಎಂಬ ಪದವನ್ನು ಅವರು ಅವಳಿಗೆಂದೇ ಕಟ್ಟಿದ್ದರು. ಆ ಪದವೇ ಮುಂದೆ ಅವರಿಬ್ಬರ ನಡುವೆ ಕಲ್ಲಿನ ಕದವಾಯಿತು.

ಆದದ್ದು ಸಾವಿರದ ಒಂಬೈನೂರ ಐವತ್ತೊಂದರಲ್ಲಿ. ಮಂಡಳಿ ಪುರಸೈವಾಕ್ಕಂನಲ್ಲಿ ಡೇರೆ ಹಾಕಿತ್ತು. ಗೋದಾಬಾಯಿ ವಿಷಮಜ್ವರದಿಂದ ಎದ್ದು ಎಂಟು ದಿನವೂ ಆಗಿರಲಿಲ್ಲ. ಬಣ್ಣ ಹಚ್ಚಿಕೊಂಡವಳು ಮಾಸ್ತರರ ಹತ್ತಿರ ಬಂದು, “ಇವತ್ತೊಂದು ದಿನ ಒಂದೇ ಒಂದು ಮನಿ ಇಳಿಸಿ ಕೊಡ್ರಿ ಮಾಸ್ತರ್. ಎದ್ಯಾಗ ಉಸಿರಿಲ್ಲ” ಎಂದಿದ್ದಳು.

“ಮನುಷ್ಯರಿಗಿರೋ ಹಾಗೆ ಮಟ್ಟಿಗೂ ಜನ್ಮನಕ್ಷತ್ರ ಇದೆ ಕಣಮ್ಮ. ಇದು ಬಿಳಿ ಐದರಲ್ಲಿ ಹುಟ್ಟಿದ್ದು. ನಿನ್ನ ಜ್ವರ ನೋಡಿಕೊಂಡು ಜಾತಕ ತಿದ್ದೋಕಾಗತ್ತಾ?” ಎಂದಿದ್ದರು ಬದರಿನಾಥರು.

ಮೂರನೆಯ ಸಾಲಿನ ಮೇಲಿನ ಪಂಚಮದಲ್ಲಿ ಅವಳ ದನಿ ಒಡೆಯಿತು. ಒಡೆದದ್ದು ಹೇಗೆಂದರೆ, ತುಂಬಿದ ಕೊಡ ಕಲ್ಲಿನ ಮೇಲೆ ಬಿದ್ದ ಹಾಗೆ. ಡೇರೆಯ ಹಿಂದಿನ ಸಾಲುಗಳಿಂದ ಸೀಟಿ ಬಂತು. ಯಾರೋ ಬೆಕ್ಕಿನ ಹಾಗೆ ಕೂಗಿದರು. ಗೋದಾಬಾಯಿ ಕಿರೀಟ ತೆಗೆದು ಹಾರ್ಮೋನಿಯಂ ಮೇಲಿಟ್ಟು ಹೊರಟುಹೋದಳು. ಮತ್ತೆ ಬಣ್ಣ ಹಚ್ಚಲಿಲ್ಲ. ಎರಡು ವರ್ಷಕ್ಕೆ ಮಂಡಳಿಯೂ ಮುಚ್ಚಿತು.

ಬದರಿನಾಥರು ಸಿನಿಮಾ ಸ್ಟುಡಿಯೋ ಸೇರಿದರು. ಅಲ್ಲಿ ನಲವತ್ತು ವಾದ್ಯಗಳ ಮೂರನೆಯ ಸಾಲಿನಲ್ಲಿ, ಇನ್ನೊಬ್ಬರ ಕೋಲು ನೋಡಿಕೊಂಡು, ಕಾಗದದಲ್ಲಿ ಬರೆದಷ್ಟು ನುಡಿಸಬೇಕು. ಹುಬ್ಬಿಗೆ ಕೆಲಸವಿಲ್ಲ. ತಾವು ಹಾಕಿದ ನೂರ ನಲವತ್ತು ಮಟ್ಟುಗಳಲ್ಲಿ ಒಂದನ್ನೂ ಅವರು ಬರೆದಿಟ್ಟಿರಲಿಲ್ಲ, ಎಲ್ಲ ತಲೆಯಲ್ಲೇ. ಅದರಲ್ಲಿ ನೂರ ಮೂವತ್ತೊಂಬತ್ತು ತಂಪಾಗಿ ನಿದ್ದೆ ಮಾಡುತ್ತಿದ್ದವು. ಒಂದು ಮಾತ್ರ ಹನ್ನೆರಡು ವರ್ಷ ಕಣ್ಣು ಮುಚ್ಚಲಿಲ್ಲ.

ಅರವತ್ತಮೂರರಲ್ಲಿ ರೈಲ್ವೆ ಆಫೀಸಿನ ಭೋಜರಾಜ ಮನೆಗೆ ಬಂದ. ಅಲ್ಲಿಯ ಕನ್ನಡ ಗೆಳೆಯರ ಸಂಘದ ಕಾರ್ಯದರ್ಶಿ, ಸಂಜೆಹೊತ್ತು ಕ್ಲಾರಿನೆಟ್ಟು ಊದುವ ಹುಚ್ಚಿನವನು.

“ಸಾರ್, ನುಂಗಂಬಾಕ್ಕಂನಲ್ಲಿ ಒಂದು ಶಾಲೆಯ ಹಾಲ್ ಸಿಕ್ಕಿದೆ. ‘ಪುತ್ಥಳಿ ರಾಣಿ’ ಆಡೋಣ. ನೀವು ನಡೆಸಬೇಕು. ಆ ಕದದ ಪದವನ್ನ ನಾನು ಪುರಸೈವಾಕ್ಕಂ ಡೇರೆಯಲ್ಲಿ ಕೇಳಿ ಕಲಿತದ್ದು. ಇವತ್ತಿಗೂ ದಿನಾ ಊದ್ತೀನಿ, ಅದೇ ಬಿಳಿ ಐದರಲ್ಲಿ!”

“ಹಾಡೋರು ಯಾರು?”

ಭೋಜರಾಜ ಬಾಯಿ ತೆಗೆಯುವಷ್ಟರಲ್ಲಿ ಒಳಗಿಂದ ಜಯಲಕ್ಷ್ಮೀಯೇ ಹೇಳಿದಳು: “ಇನ್ಯಾರು? ಹೋಗಿ ಕರೀರಿ. ನನಗಿಂತ ಹೆಚ್ಚಾಗಿ ಅವಳನ್ನೇ ನೆನೆಸಿಕೊಂಡಿದ್ದೀರಿ ಇಷ್ಟು ವರ್ಷ. ನನಗೇನು ಅಸೂಯೆ ಇಲ್ಲ, ನೆನೆಸಿಕೊಂಡಾಗೆಲ್ಲ ಮುಖ ಹರಳೆಣ್ಣೆ ಕುಡಿದ ಹಾಗಿರತ್ತೆ.”

ಗೋದಾಬಾಯಿ ಪುರಸೈವಾಕ್ಕಂನಲ್ಲೇ, ಜವಳಿ ಅಂಗಡಿಗಳ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲೆ ಒಂದು ಕೋಣೆ ಹಿಡಿದಿದ್ದಳು. ಹೆಣ್ಣುಮಕ್ಕಳಿಗೆ ದೇವರನಾಮ ಹೇಳಿಕೊಡುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಮೂಗುಬಟ್ಟು ಮಾತ್ರ ಹಳೆಯ ರಾಣಿಯದೇ. ಬದರಿನಾಥರನ್ನು ನೋಡಿ, ಹನ್ನೆರಡು ವರ್ಷವಲ್ಲ, ನಿನ್ನೆ ಬಂದುಹೋದವರೇನೋ ಅನ್ನುವ ಹಾಗೆ ಚಾಪೆ ಹಾಸಿದಳು. ವಿಷಯ ಕೇಳಿದಳು. ಎಲೆಗೆ ಸುಣ್ಣ ಹಚ್ಚುತ್ತ ಹಚ್ಚುತ್ತ ಹೇಳಿದಳು:

“ಬರ್ತೀನ್ರಿ ಮಾಸ್ತರ್. ಆದ್ರ ಬಿಳಿ ಐದು. ಕೂದಲೆಳಿಯಷ್ಟೂ ಇಳೀಬಾರ್ದು.”

“ವಯಸ್ಸು...”

“ಈಗ ಇಳಿಸಾಕ ಬರ್ತದಂದ್ರ ಅವತ್ತ್ಯಾಕ ಬರಲಿಲ್ಲ? ಆ ಮಾತಿಗೆ ಉತ್ತರ ಐತೇನು ನಿಮ್ಮ ಹಂತ್ಯಾಕ?” ಅವಳು ಎಲೆ ಮಡಿಚಿ ಬಾಯಿಗೆ ಹಾಕಿಕೊಂಡಳು. “ಕರುಣಾ ತೋರಿಸಿ ಇಳಿಸಿದ್ರೋ, ಮೊದಲಿನಂಗ ಕಿರೀಟ ನಿಮ್ಮ ಪೆಟಗಿ ಮ್ಯಾಲಿಟ್ಟು ಮನೀಗೆ ಹೋಗ್ತೀನಿ.”

ಬದರಿನಾಥರು ತಲೆಯಾಡಿಸಿ ಒಪ್ಪಿ ಎದ್ದರು. ಉತ್ತರ ಇದ್ದಿದ್ದರೆ ಹನ್ನೆರಡು ವರ್ಷ ಯಾಕೆ ಬೇಕಿತ್ತು?

ಮೊದಲ ತಾಲೀಮು ಭೋಜರಾಜನ ಮನೆಯಲ್ಲಿ. ಬದರಿನಾಥರು ಕೈಪೆಟ್ಟಿಗೆಯ ಬಿಳಿ ಐದರ ಮೇಲೆ ಬೆರಳಿಟ್ಟರು. ಗೋದಾಬಾಯಿ ಎರಡು ಸಾಲು ಹಾಡಿದಳು, ಮೂರನೆಯದರಲ್ಲಿ ಕೆಮ್ಮಿದಳು. “ಅಡಿಕಿ ಚೂರು ಸಿಕ್ಕೊಂಡ್ತು” ಎಂದು ನೀರು ಕುಡಿದಳು. ಇನ್ನೊಮ್ಮೆ ಹಾಡಿದಾಗಲೂ ಅಡಿಕೆ ಅಲ್ಲೇ ಸಿಕ್ಕಿಕೊಂಡಿತು. ಭೋಜರಾಜ ಕ್ಲಾರಿನೆಟ್ಟಿನ ಮೂತಿಯನ್ನು ಸುಮ್ಮನೆ ಒರೆಸುತ್ತ ಕೂತ.

ಮನೆಗೆ ಬಂದ ಬದರಿನಾಥರು ಊಟದ ಎಲೆಯ ಮುಂದೆ ಸಾರಿನಲ್ಲಿ ಬೆರಳಾಡಿಸುತ್ತ ಕೂತರು.

“ಇಳಿಸಿಬಿಡಿ” ಎಂದಳು ಜಯಲಕ್ಷ್ಮೀ.

“ಇಳಿಸಿದರೆ ಹೋಗಿಬಿಡ್ತಾಳೆ.”

“ಇಳಿಸದಿದ್ದರೆ?”

“ಒಡೆದುಹೋಗ್ತಾಳೆ. ಈ ಸಲ ಮದರಾಸಿನ ಕನ್ನಡದವರೆಲ್ಲರ ಎದುರಿಗೆ.”

“ಹಾಗಾದರೆ ಇಳಿಸಿ, ಗೊತ್ತಾಗದ ಹಾಗೆ.”

“ನಾನು ಯಾವ ಮನೆ ಒತ್ತುತ್ತೀನಿ ಅಂತ ಬೆರಳೇ ನೋಡ್ತಾಳಲ್ಲೇ!” ಎಂದರು ಬದರಿನಾಥರು. ಹಾಗೆ ಅಂದವರು ಬೆರಳನ್ನು ಸಾರಿನಿಂದ ಎತ್ತಿ, ಅದನ್ನೇ ನೋಡುತ್ತ ಉಳಿದರು.

ಮರುದಿನ ಪೆಟ್ಟಿಗೆ ರಿಪೇರಿಯ ಶಂಕರನಾರಾಯಣ ಬಂದರು. ಲೆಗ್ ಹಾರ್ಮೋನಿಯಂನ ಹೊಟ್ಟೆ ಬಿಚ್ಚಿ, ಮನೆಗೊಂದರಂತೆ ಕೂತು ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳನ್ನು ಕಂಡು, “ಎಲ್ಲಾ ಚೆನ್ನಾಗಿಯೇ ಇದೆಯಲ್ಲ ಸ್ವಾಮಿ, ಏನು ಕಂಪ್ಲೇಂಟು?” ಎಂದರು.

“ಒಂದೊಂದು ರೀಡನ್ನೂ ಎಬ್ಬಿಸಿ ಎರಡು ಮನೆ ಆಚೆ ಕೂರಿಸಬೇಕು. ಬಿಳಿ ಐದು ಒತ್ತಿದರೆ, ನಡುವಿನ ಕರಿ ದಾಟಿ, ಬಿಳಿ ನಾಲ್ಕು ಕೂಗಬೇಕು.”

ಶಂಕರನಾರಾಯಣ ಸ್ಕ್ರೂಡ್ರೈವರ್ ಕೆಳಗಿಟ್ಟರು. “ಅಯ್ಯೋ, ಸುಳ್ಳು ಹೇಳೋ ಪೆಟ್ಟಿ ಮಾಡ್ಲಿಕ್ಕೆ ಹೇಳ್ತೀರಲ್ಲ! ನಾನು ಸತ್ತ ಮೇಲೆ ಇದನ್ನ ಬಿಚ್ಚೋನು ನನ್ನನ್ನ ಏನಂತ ಬಯ್ತಾನೆ?”

“ನನ್ನನ್ನ ಬೈಯಲಿ ಅಂತ ಒಳಗೆ ಚೀಟಿ ಬರೆದಿಡಿ.”

ನಿಜವಾಗಿ ಬರೆದಿಟ್ಟರು, ತಮಿಳಿನಲ್ಲಿ. ಎರಡು ದಿನ ಹಿಡಿಯಿತು. ಕೆಲಸ ಮುಗಿದ ಮೇಲೆ ಬದರಿನಾಥರು ಬಿಳಿ ಐದು ಒತ್ತಿದರು. ಕೆಳಗಿನ ಸ್ವರ ಹೊರಟಿತು. ಎಡಗೈಯಲ್ಲಿ ಊಟ ಮಾಡಿದ ಹಾಗಾಯಿತು ಅವರಿಗೆ. ಜೀವಮಾನವೆಲ್ಲ ಜಾತಕ ತಿದ್ದೋಕಾಗಲ್ಲ ಎಂದವರು ಈಗ ಇಡೀ ಊರಿಗೇ ಮನೆ ಬದಲಾಯಿಸಿದ್ದರು. ಭೋಜರಾಜನಿಗೂ ತಬಲಾದವನಿಗೂ ಗುಟ್ಟು ಹೇಳಿ, ಪ್ರಮಾಣ ಮಾಡಿಸಿಕೊಂಡರು. ಭೋಜರಾಜ ಆ ಪದವನ್ನು ಒಂದು ವಾರ ಕೆಳಗಿನ ಶ್ರುತಿಗೆ ಊದಿ ಊದಿ ಕಲಿತ.

ಕೊನೆಯ ತಾಲೀಮಿಗೆ ಲೆಗ್ ಹಾರ್ಮೋನಿಯಂ ಬಂತು. ಗೋದಾಬಾಯಿ ಬೆರಳು ನೋಡಿದಳು. ಬಿಳಿ ಐದು. ಹಾಡಿದಳು. ಮೇಲಿನ ಪಂಚಮ ಮುಟ್ಟಿ, ಅಲ್ಲಿ ಒಂದು ಗಳಿಗೆ ನಿಂತು, ಇಳಿದಳು. ಬದರಿನಾಥರ ಬೆವರು ಮನೆಗಳ ಮೇಲೆ ತೊಟ್ಟಿಕ್ಕಿತು. ಅವಳ ಕಿವಿ ಎಂಥದೆಂದು ಅವರಿಗೆ ಗೊತ್ತಿಲ್ಲದ್ದೇ? ಆದರೆ ಅವಳು “ಅಡಿಕಿ ಬಿಟ್ಟ ಮ್ಯಾಲೆ ಗಂಟಲ ಬಿಟ್ಟೈತ್ರಿ” ಎಂದಳು, ಅಷ್ಟೇ. ಕಣ್ಣು ನಂಬಿದರೆ ಕಿವಿಯೂ ಅದರ ಹಿಂದೆ ಹೋಗುತ್ತದೇನೋ ಎಂದುಕೊಂಡರು ಅವರು.

ಆಟದ ಸಂಜೆ ನುಂಗಂಬಾಕ್ಕಂನ ಹಾಲ್ ತುಂಬಿಹೋಗಿತ್ತು. ರೈಲ್ವೆಯವರು, ಬ್ಯಾಂಕಿನವರು, ಇನ್ಶೂರೆನ್ಸಿನವರು, ಕಚ್ಚೆಯ ಹಿರಿಯರು, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಹೇಳುವ ಅವರ ಮಕ್ಕಳು. ಹತ್ತು ವರ್ಷದ ಮೇಲೆ ರಂಗದ ಮುಂದೆ ಬದರಿನಾಥರ ಎಡಹುಬ್ಬು ಎದ್ದಿತು, ತಬಲಾ ಎದ್ದಿತು. ಕಲ್ಲಿನ ಕದದ ಮುಂದೆ ಪುತ್ಥಳಿ ರಾಣಿ ಬಂದು ನಿಂತಳು. ಬೆರಳು ನೋಡಿದಳು.

ಹಾಡಿದಳು ನೋಡಿ! ಮುದಿ ರಾಣಿಯ ದನಿಯಲ್ಲಿ ಮೊದಲಿನ ಮಿಂಚಿರಲಿಲ್ಲ, ಕಾಯ್ದ ಹಾಲಿನ ದಪ್ಪವಿತ್ತು. ಎಷ್ಟು ಹೊತ್ತು ಕಾಯಲಿ ಎನ್ನುವಾಗ, ನಿಜಕ್ಕೂ ಕಾದವರ ಹಾಗೆ ಕೇಳಿತು. ಮೇಲಿನ ಪಂಚಮಕ್ಕೆ ಹೋಗಿ ಬಂದಳು. ಇಡೀ ಸಭೆ ಎದ್ದು ನಿಂತಿತು. ‘ಒನ್ಸ್ ಮೋರ್! ಒನ್ಸ್ ಮೋರ್!’ ತಮಿಳು ಮಾತಾಡುವ ಮಕ್ಕಳೂ ಕೂಗಿದರು.

ಬದರಿನಾಥರು ಸಂತೋಷದಲ್ಲಿ ಬಲಹುಬ್ಬು ಎತ್ತಿದರು. ಭೋಜರಾಜನ ಕಣ್ಣಲ್ಲಿ ನೀರು. ಅವನಿಗೆ ಆ ಗಳಿಗೆಯಲ್ಲಿ ಯಾವ ಪ್ರಮಾಣ, ಯಾವ ಗುಟ್ಟು? ಹನ್ನೆರಡು ವರ್ಷ ದಿನಾ ಊದಿದ ಬೆರಳುಗಳು ವಾರದ ಪಾಠವನ್ನು ಮರೆತು ನೇರ ಹಳೆಯ ಬಿಳಿ ಐದಕ್ಕೆ ಹೋದವು. ಕ್ಲಾರಿನೆಟ್ಟು ಮೇಲೆ, ಹಾರ್ಮೋನಿಯಂ ಕೆಳಗೆ. ಎರಡು ಬೆಕ್ಕು ಒಂದು ಚೀಲದಲ್ಲಿ ಜಗಳವಾಡಿದ ಹಾಗೆ ಒಂದು ಸದ್ದು ಹೊರಟು, ಕಿವಿಯಿದ್ದವರೆಲ್ಲ ಮುಖ ಕಿವುಚಿದರು.

ಬದರಿನಾಥರ ಕಾಲು ನಿಂತಿತು. ಪೆಟ್ಟಿಗೆಯ ಉಸಿರು ಹೋಯಿತು. ಭೋಜರಾಜ ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟು ತಲೆ ತಗ್ಗಿಸಿದ.

ಗೋದಾಬಾಯಿ ಕದದ ಹತ್ತಿರದಿಂದ ನಿಧಾನವಾಗಿ ರಂಗದ ಅಂಚಿಗೆ ಬಂದಳು. ಎರಡೂ ಕೈ ಎತ್ತಿ ಕಿರೀಟ ತೆಗೆದಳು. ಬಗ್ಗಿ, ಅದನ್ನು ಹಾರ್ಮೋನಿಯಂ ಮೇಲೆ ಇಟ್ಟಳು. ಬದರಿನಾಥರು ಕಣ್ಣು ಮುಚ್ಚಿಕೊಂಡರು. ಇನ್ನು ಬರುವುದು ದೂರ ಹೋಗುವ ಹೆಜ್ಜೆಯ ಸದ್ದು. ಅದು ಯಾವ ಮನೆಯೆಂದು ಹನ್ನೆರಡು ವರ್ಷದಿಂದ ಅವರಿಗೆ ಗೊತ್ತು.

ಹೆಜ್ಜೆಯ ಸದ್ದು ಬರಲಿಲ್ಲ.

“ಭಾಳ ಭಾರ ಐತ್ರಿ ಇದು, ಕುತ್ತಿಗಿ ನೋಯ್ತದ” ಎಂದಳು ಗೋದಾಬಾಯಿ, ಹಾಲಿನ ಕೊನೆಯವರೆಗೂ ಕೇಳುವ ಹಾಗೆ. ಜನ ನಕ್ಕರು. ಅವಳು ಇನ್ನಷ್ಟು ಬಗ್ಗಿದಳು. ಈಗಿನ ಮಾತು ಮುಂದಿನ ಸಾಲಿನವರಿಗಷ್ಟೇ ಕೇಳಿತು. “ಗಂಟಲ ಮುದಿ ಆಗೈತಿ ಮಾಸ್ತರ್, ಕಿವಿ ಆಗಿಲ್ಲ. ತಾಲೀಮಿನ ದಿನಾನ ಗೊತ್ತಾತು. ಇಷ್ಟು ದೊಡ್ಡ ಪೆಟಗಿ ಹೊಟ್ಟಿ ಬಗದು ಇಟ್ಟೀರಲ್ಲ, ಅದ ನನಗ ಉತ್ತರ ಅಂದ್ಕೊಂಡು ಸುಮ್ನಿದ್ದೆ.”

ಬದರಿನಾಥರ ಹುಬ್ಬು ಎರಡೂ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಡುಗಿದವು.

“ಈಗ ಎರಡನೇ ಸಲ ಹಾಡಬೇಕು. ಉಸಿರು ಕಮ್ಮಿ ಬಿದ್ದೈತಿ.” ಗೋದಾಬಾಯಿ ನೆಟ್ಟಗೆ ನಿಂತಳು. ಆಮೇಲೆ ಡೇರೆಯ ಕಾಲದ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು: “ಇನ್ನೊಂದೇ ಒಂದು ಮನಿ ಇಳಿಸಿ ಕೊಡ್ರಿ ಮಾಸ್ತರ್!”

ಹಾಲಿನಲ್ಲಿ ಮತ್ತೆ ನಗು. ಮೂರನೆಯ ಸಾಲಿನಲ್ಲಿದ್ದ ಜಯಲಕ್ಷ್ಮೀ ಮಾತ್ರ ನಗದೆ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಬದರಿನಾಥರು ಬಿಳಿ ಐದರ ಮೇಲಿದ್ದ ಬೆರಳನ್ನು ಎತ್ತಿದರು. ಆ ಪದವನ್ನು ಅವರು ಇನ್ನೊಂದು ಮನೆಯಿಂದ ಒಮ್ಮೆಯೂ ನುಡಿಸಿದವರಲ್ಲ. ಎಲ್ಲರಿಗೂ ಕಾಣುವ ಹಾಗೆ, ಎಡಪಕ್ಕದ ಕರಿಯ ಮನೆಯ ಮೇಲೆ ಬೆರಳಿಟ್ಟರು. ಕಾಲು ತುಳಿಯಿತು. ಮೊದಲ ಸಾಲಿನಲ್ಲಿ ಬೆರಳುಗಳು ಹೊಸ ಊರಿನಲ್ಲಿ ದಾರಿ ಕೇಳುವವರಂತೆ ತಡವರಿಸಿದವು, ಒಂದು ಕಡೆ ತಪ್ಪಿದವು, ಆಮೇಲೆ ನಡೆದವು. ತಬಲಾ ಸುಮ್ಮನಿತ್ತು, ಕ್ಲಾರಿನೆಟ್ಟು ಸುಮ್ಮನಿತ್ತು.

ಗೋದಾಬಾಯಿ ಈ ಸಲ ಬೆರಳನ್ನು ನೋಡಲಿಲ್ಲ. ಕದಕ್ಕೆ ಒರಗಿ, ಕಣ್ಣು ಮುಚ್ಚಿಕೊಂಡು, ಹಾಡತೊಡಗಿದಳು.